ಜೇಡ ಹೇಳಿದ್ದು

ಓಡಿಲ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಾರು ಸೀದರೆ "ನಾನೇ ಸೀಯಿಸಿದೆ" ಅನ್ನುತ್ತಿದ್ದಳು, ಗಂಡ ನಗುತ್ತಿದ್ದ. ಅವಳಿಗಿಂತ ಹನ್ನೊಂದು ವರ್ಷ ಮೊದಲು ಬಂದ ಹೆಂಡತಿ ನಾನು; ನನ್ನ ಮಾತಿಗೆ ಅವನು ಒಮ್ಮೆಯೂ ಹಾಗೆ ನಕ್ಕವನಲ್ಲ. ಅದಕ್ಕೇ ಅವನ ಹಾಸಿಗೆಯಡಿ ಮಾಟದ ಗಂಟು ಇಟ್ಟು ಸವತಿಯ ಹೆಸರು ಹೇಳಿದೆ.

ನಮ್ಮ ಮಾಂಬಿಲಾ ಜನರಲ್ಲಿ ಇಂಥದ್ದನ್ನು ಬಿಲದ ಜೇಡವೇ ತೀರ್ಮಾನಿಸಬೇಕು. ಕಣಿ ಹೇಳುವ ಮುದುಕ ಅಲ್ಫೋನ್ಸ್ ಬಿಲದ ಬಾಯಿಗೆ ಗುರುತಿನ ಎಲೆಗಳನ್ನು ಹರಡಿ, ಒಂದು ಬದಿಗೆ ಕಡ್ಡಿ, ಇನ್ನೊಂದು ಬದಿಗೆ ಕಲ್ಲು ಇಟ್ಟು, ಮೇಲೆ ಮಡಕೆ ಮುಚ್ಚಿದ. ಜೇಡ ಎಲೆಗಳನ್ನು ಕಡ್ಡಿಯತ್ತ ತಳ್ಳಿದರೆ ಹೌದು, ಕಲ್ಲಿನತ್ತ ತಳ್ಳಿದರೆ ಇಲ್ಲ.

ಮೊದಲು ಜೇಡಕ್ಕೇ ಪರೀಕ್ಷೆ. "ಏನಪ್ಪಾ, ಇವತ್ತು ನನಗೆ ಸುಳ್ಳು ಹೇಳ್ತೀಯಾ?"

ಮುದುಕ ಮಡಕೆ ಓರೆ ಮಾಡಿ ನೋಡಿದ. ಎಲೆಗಳು ಕಲ್ಲಿನತ್ತ ಸರಿದಿದ್ದವು.

"ಗಂಟು ಇಟ್ಟೋಳು ಓಡಿಲ್ ಏನಪ್ಪಾ?"

ಮಡಕೆಯೊಳಗೆ ಪರಪರ ಕೆರೆಯುವ ಸದ್ದು. ನಡುಮಧ್ಯಾಹ್ನದ ಬಿಸಿಲಲ್ಲೂ ನನ್ನ ಪಾದದಡಿಯ ನೆಲ ತಣ್ಣಗಾಯಿತು. ಈ ಸಲ ಮಡಕೆ ಓರೆ ಮಾಡಿದಾಗ ಎಲೆಗಳೆಲ್ಲ ಕಡ್ಡಿಗೆ ಒತ್ತಿಕೊಂಡಿದ್ದವು.

"ಅಕ್ಕಾ, ನಾನಿಟ್ಟಿಲ್ಲ. ನೀನಾದ್ರೂ ಹೇಳು," ಎಂದಳು ಓಡಿಲ್, ಕೂಸನ್ನು ಎದೆಗೊತ್ತಿಕೊಂಡು.

"ಜೇಡಕ್ಕಿಂತ ನಾನು ದೊಡ್ಡೋಳೇನೇ?" ಎಂದೆ.

ಗಂಡ ಅವಳನ್ನು ಎಳೆದುಕೊಂಡು ಹೋದ. ಎಲ್ಲರೂ ಹೋದ ಮೇಲೂ ಸದ್ದು ನಿಲ್ಲಲಿಲ್ಲ. ಮುದುಕ ಮಡಕೆ ಎತ್ತಿ ಬಿಲ ಕೆದಕಿದ. ಒಳಗೆ ಜೇಡ ಸತ್ತು ಒಣಗಿತ್ತು. ಇರುವೆಗಳು ತಿಂದು ಹೊಟ್ಟೆ ಟೊಳ್ಳಾಗಿ ಎಷ್ಟೋ ದಿನವಾಗಿತ್ತು. ಕೆರೆಯುವ ಸದ್ದು ಇನ್ನೂ ಅಲ್ಲೇ, ನಮ್ಮಿಬ್ಬರ ನಡುವೆ, ಕೇಳುತ್ತಿತ್ತು.

ಮುದುಕ ಅವಸರದಲ್ಲಿ ಮಣ್ಣು ಎಳೆದ. "ಯಾರಿಗೂ ಹೇಳ್ಬೇಡ ತಾಯಿ. ನಾನೂ ಹೇಳಲ್ಲ."

ಸಂಜೆಯೊಳಗೆ, ಗಂಡ ಅಟ್ಟಿದ್ದಕ್ಕೆ, ನಮ್ಮ ಮನೆಯಿಂದ ಇಬ್ಬರು ಹೊರಟುಹೋದರು: ಓಡಿಲ್, ಅವಳ ಮೊಲೆಗೂಸು.