ಹಳ್ಳದಾಚೆಯ ಹುಂಜ

“ಅಲ್ಲಾಡಬೇಡ! ಮೂಗಿನ ಮೇಲೆ ಸೊಳ್ಳೆ ಕೂತ್ರೂ ಅಲ್ಲಾಡಬೇಡ!” ಡಾರ್ಲಾ ಅತ್ತೆ ಪಿಸುಗುಟ್ಟಿದಳು.

ಲೇನಿ ಓಕ್ ಮರದ ಬುಡಕ್ಕೆ ಬೆನ್ನು ಒತ್ತಿ ಕೂತಳು. ಪಕ್ಕದಲ್ಲಿ ಅವಳ ಗೆಳೆಯ ಕೋಲ್ಬಿ, ಅವನ ಮಂಡಿಯ ಮೇಲೆ ಬಂದೂಕು. ಅವನ ಹೆಗಲಿಗೆ ಅಂಟಿಕೊಂಡಂತೆ ಅತ್ತೆ. ಮೂವರ ಮುಖಕ್ಕೂ ಎಲೆಬಣ್ಣದ ಬಲೆ. ಬೆಳಕು ಈಗಷ್ಟೇ ಹರಿಯುತ್ತಿತ್ತು. ಗುಡ್ಡದ ತುಂಬ ಡಾಗ್‌ವುಡ್ ಹೂಗಳು ಬೆಳ್ಳಗೆ ಕಾಣತೊಡಗಿದ್ದವು.

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಗೂಬೆಯಂತೆ ಕೂಗಿದಳು. ಗೂಬೆಯ ಕೂಗು ಕೇಳಿದರೆ ಕಾಡು ಟರ್ಕಿ ಕೋಳಿಯ ಹುಂಜಕ್ಕೆ ಸುಮ್ಮನಿರಲು ಆಗುವುದೇ ಇಲ್ಲ. ಮಲಗಿದ ಕೊಂಬೆಯ ಮೇಲಿಂದಲೇ ಎದುರುತ್ತರ ಕೊಡುತ್ತದೆ.

“ಗೊಬ್ಳ ಗೊಬ್ಳ ಗೊಬ್ಳ!”

ಲೇನಿಯ ಮೈಯೆಲ್ಲ ಜುಮ್ಮೆಂದಿತು. “ಕೇಳಿಸ್ತಾ? ಕೋಲ್ಬಿ, ಕೇಳಿಸ್ತಾ? ಎಷ್ಟು ಹತ್ರ ಇದಾನೆ ನೋಡು!”

ಕೋಲ್ಬಿ ತಲೆ ಆಡಿಸಿದ, ಅಷ್ಟೇ.

ವಸಂತದ ರಜೆ ಮುಗಿದಾಗಿನಿಂದ ಅವನು ಹೀಗೇ. ಮೊದಲಾದರೆ ಇಬ್ಬರೂ ಸೇರಿ ಬಸ್ಸಿನ ಗಾಜು ಒಡೆಯುವಷ್ಟು ಗಲಾಟೆ ಮಾಡುತ್ತಿದ್ದರು. ಈಗ ಲೇನಿ ಏನು ಕೇಳಿದರೂ ಒಂದೇ ಉತ್ತರ.

“ನನ್ ಮೇಲೆ ಕೋಪಾನಾ?”

“ಇಲ್ಲ.”

“ಮತ್ತೇನಾಯ್ತು?”

“ಏನಿಲ್ಲ.”

ಬಸ್ಸಿನಲ್ಲಿ ಕೇಳಿದಳು, ಊಟದ ಹೊತ್ತಿನಲ್ಲಿ ಕೇಳಿದಳು, ಫೋನ್ ಮಾಡಿ ಕೇಳಿದಳು. ಏನಿಲ್ಲವಂತೆ! ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಇವತ್ತು ಮಕ್ಕಳಿಗೆಂದೇ ಬಿಟ್ಟ ಟರ್ಕಿ ಬೇಟೆಯ ದಿನ. ಕೋಲ್ಬಿಗೆ ಇದುವರೆಗೂ ಒಂದು ಹುಂಜವೂ ಸಿಕ್ಕಿಲ್ಲ. ತಾನೇ ಹುಂಜವನ್ನು ಕರೆದು ಅವನ ಮುಂದೆ ನಿಲ್ಲಿಸಿದರೆ, ಕೋಲ್ಬಿ ಮತ್ತೆ ಹಳೇ ಕೋಲ್ಬಿ ಆಗಿಯೇ ಆಗುತ್ತಾನೆ.

ಅದಕ್ಕೇ ಚಳಿಗಾಲವಿಡೀ ಕಲಿತಿದ್ದ ವಿದ್ಯೆಯನ್ನು ಅವಳು ಇವತ್ತು ಹೊರತೆಗೆದಿದ್ದಳು. ಒಂದು ಸ್ಲೇಟಿನ ಬಿಲ್ಲೆ, ಒಂದು ಮರದ ಕಡ್ಡಿ. ಕಡ್ಡಿಯನ್ನು ಸರಿಯಾಗಿ ಉಜ್ಜಿದರೆ ಥೇಟ್ ಟರ್ಕಿ ಹೇಂಟೆಯ ದನಿ. ತಪ್ಪಾಗಿ ಉಜ್ಜಿದರೆ ಕೇಳುವವರ ಹಲ್ಲು ಜುಂ ಎನ್ನುತ್ತದೆ. ಅವಳು ಕಲಿಯುವಾಗ ಅಪ್ಪ ಅವಳನ್ನು ಕೊಟ್ಟಿಗೆಗೆ ಓಡಿಸಿದ್ದ. ಅಲ್ಲಿ ಮಲಗುತ್ತಿದ್ದ ನಾಯಿ ಬೇರೆ ಜಾಗ ಹುಡುಕಿಕೊಂಡಿತ್ತು.

ಬೆಳಗಿನ ಜಾವ ಪಿಕಪ್‌ನಲ್ಲಿ ಬರುವಾಗಲೂ ಲೇನಿಯ ಬಾಯಿ ನಿಂತಿರಲಿಲ್ಲ. “ಆಗಸ್ಟ್ ಬಂದ್ರೆ ನಾವು ಆರನೇ ಕ್ಲಾಸು! ಬಸ್ಸಲ್ಲಿ ಹಿಂದಿನ ಸೀಟು ನಮ್ದು! ಕಿಟಕಿ ಮಾತ್ರ ನಂದು, ಈಗ್ಲೇ ಹೇಳಿದೀನಿ!” ಶಾಲೆಯ ಬಸ್ಸು ಓಡಿಸುವವಳು ಡಾರ್ಲಾ ಅತ್ತೆಯೇ. ಆ ಬಸ್ಸಿನಲ್ಲಿ ಆರನೇ ಕ್ಲಾಸಿನಿಂದ ಮೇಲಿನವರಿಗೆ ಮಾತ್ರ ಹಿಂದಿನ ಸೀಟು, ಚಿಕ್ಕವರೆಲ್ಲ ಮುಂದೆ. ಕೋಲ್ಬಿ ಮಾತ್ರ ದಾರಿಯುದ್ದಕ್ಕೂ ಹೊರಗಿನ ಕತ್ತಲೆ ನೋಡುತ್ತ ಕೂತಿದ್ದ.

“ಈಗ ಕರಿ,” ಅಂದಳು ಅತ್ತೆ.

ಲೇನಿ ಕಡ್ಡಿ ಉಜ್ಜಿದಳು. ಕ್ಯೋಕ್, ಕ್ಯೋಕ್, ಕ್ಯೋಕ್.

“ಗೊಬ್ಳ ಗೊಬ್ಳ ಗೊಬ್ಳ!”

ದಪದಪನೆ ರೆಕ್ಕೆ ಬಡಿಯುವ ಸದ್ದು. ಹುಂಜ ನೆಲಕ್ಕಿಳಿಯಿತು. ಲೇನಿ ಮತ್ತೆ ಕರೆದಳು, ಅದು ಮತ್ತೆ ಕೂಗಿತು. ಈ ಸಲ ಇನ್ನೂ ಹತ್ತಿರದಿಂದ! ಆಮೇಲೆ ಎದುರಿನ ಸಣ್ಣ ಹಳ್ಳದ ಆಚೆ ದಡದಲ್ಲಿ ಅದು ಕಾಣಿಸಿಯೇ ಬಿಟ್ಟಿತು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಮದುವೆ ಗಂಡಿನ ಹಾಗೆ ಅತ್ತಿಂದಿತ್ತ ನಡೆಯತೊಡಗಿತು.

ಆದರೆ ಹಳ್ಳ ದಾಟಲಿಲ್ಲ.

ಲೇನಿ ಕರೆದಳು. ಹುಂಜ ಉತ್ತರ ಕೊಟ್ಟಿತು, ಬರಲಿಲ್ಲ. ಜೋರಾಗಿ ಕರೆದಳು. ಉತ್ತರ ಬಂತು, ಹುಂಜ ಬರಲಿಲ್ಲ. ಅವಳು ಬಿಡದೆ ಉಜ್ಜುತ್ತಲೇ ಇದ್ದಳು. ಅತ್ತೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು.

“ಸಾಕು. ಕೆಳಗಿಡು.”

“ಮಾತಾಡ್ತಿದಾನಲ್ಲ ಅತ್ತೆ!”

“ಮಾತಾಡ್ತಾನೆ, ಬರಲ್ಲ. ನೀನು ಕರೀತಾ ಇದ್ರೆ ನೀನೇ ಬರ್ತೀಯ ಅಂತ ಅಲ್ಲೇ ನಿಂತಿರ್ತಾನೆ. ಸುಮ್ನಾಗ್ಬಿಡು. ಎಲ್ಲಿ ಹೋದ್ಲು ಇವ್ಳು ಅಂತ ಅವನೇ ಹುಡುಕ್ಕೊಂಡು ಬರ್ತಾನೆ.”

ಸುಮ್ಮನಿರುವುದು! ಲೇನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಕೈ ತುರಿಸಿತು. ಬಾಯಿ ತುರಿಸಿತು. ಒಂದು ಉಣ್ಣೆ ಹುಳ ಅವಳ ಬೆರಳ ಮೇಲೆ ಆರಾಮಾಗಿ ವಾಕಿಂಗ್ ಹೊರಟಿತು. ಹುಂಜ ಒಮ್ಮೆ ಕೂಗಿತು. ಇನ್ನೊಮ್ಮೆ ಕೂಗಿ, ಪೊದೆಯ ಹಿಂದೆ ಮರೆಯಾಯಿತು. ಹೊರಟೇ ಹೋಯಿತು ಅಂದುಕೊಂಡಳು ಲೇನಿ. ಎಲ್ಲ ಹಾಳಾಯಿತು. ಅವಳ ಕಣ್ಣಲ್ಲಿ ನೀರು ತುಂಬಿತು.

ಸರ್. ಸರ್. ಒಣಗಿದ ಎಲೆಗಳ ಸದ್ದು.

ಹಳ್ಳದ ಈಚೆಗೆ, ಬಿದ್ದ ಮರದ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ಕೆಂಪು, ಬಿಳಿ, ನೀಲಿ! ಲೇನಿಯ ಎದೆ ಡವಡವ ಹೊಡೆದುಕೊಂಡಿತು. ಅದು ಹುಂಜಕ್ಕೂ ಕೇಳಿಸಿಬಿಡುತ್ತದೆ ಎಂದು ಅವಳಿಗೆ ಭಯವಾಯಿತು.

“ಎದೇಲಿ ಕೂದಲ ಗಡ್ಡ ಕಾಣ್ತಾ? ಹುಂಜಾನೇ ತಾನೇ?” ಅತ್ತೆಯ ಉಸಿರಿನಷ್ಟೇ ಮೆಲ್ಲನೆಯ ಮಾತು.

“ಕಾಣ್ತು,” ಅಂದ ಕೋಲ್ಬಿ, ಬಂದೂಕಿಗೆ ಕೆನ್ನೆ ಒತ್ತಿ.

“ಅದರ ಹಿಂದೆ ಯಾರೂ ಇಲ್ಲ ತಾನೇ?”

“ಇಲ್ಲ.”

“ಹಾಗಾದ್ರೆ ಹೊಡಿ.”

ಢಂ!

“ಬಿತ್ತು! ಬಿತ್ತು!” ಬಂದೂಕನ್ನು ಅತ್ತೆಯ ಕೈಗೆ ಕೊಟ್ಟ ಕೋಲ್ಬಿ ಎದ್ದು ಕುಣಿದ. “ಲೇನಿ, ನೋಡಿದ್ಯಾ? ಕಳ್ಳನ ಥರ ಬಂತು! ಅಮ್ಮಂಗೆ ಹೇಳ್ಬೇಕು!” ಇಬ್ಬರೂ ಕೈ ಹಿಡಿದು ಗಿರಗಿರ ತಿರುಗಿ, ಹೂವಿನ ಗಿಡಕ್ಕೆ ಡಿಕ್ಕಿ ಹೊಡೆದು ಬಿದ್ದು ನಕ್ಕರು. ಹಳೇ ಕೋಲ್ಬಿ!

ಸ್ವಲ್ಪ ಹೊತ್ತಿಗೆ ಅವನು ಹುಂಜದ ಪಕ್ಕ ಕೂತು ಅದರ ಕಂಚಿನ ಬಣ್ಣದ ಗರಿಗಳನ್ನು ಸವರತೊಡಗಿದ. ಸವರುತ್ತ ಸವರುತ್ತ ಮತ್ತೆ ಮೌನವಾದ.

ಈಗಲಾದ್ರೂ ಹೇಳೋ, ಏನಾಗಿದೆ ನಿಂಗೆ? ಮಾತು ಲೇನಿಯ ನಾಲಿಗೆಯ ತುದಿಗೇ ಬಂದಿತ್ತು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಹುಂಜ ತಾನಾಗಿಯೇ ದಾಟಿ ಬಂದ ಹಳ್ಳದ ಮೇಲೆ ಬಿತ್ತು. ಬಾಯಿ ಮುಚ್ಚಿದಳು.

ಪಿಕಪ್‌ನಲ್ಲಿ ಮೂವರೂ ಬಿಸ್ಕಿಟ್ ರೊಟ್ಟಿ, ಸಾಸೇಜ್ ತಿಂದರು. ಲೇನಿ ಜೇಬಿನೊಳಗೆ ಮರದ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಅತ್ತೆ ಎರಡು ಸಲ ತಿರುಗಿ ಅವಳಿಗೆ ಜ್ವರವೇನಾದರೂ ಬಂದಿದೆಯೇ ಎಂಬಂತೆ ನೋಡಿದಳು. ಜಲ್ಲಿ ರಸ್ತೆ ಮುಗಿದು ಟಾರು ರಸ್ತೆ ಬಂತು. ಚರ್ಚು ಹಿಂದೆ ಹೋಯಿತು.

“ನಾನು ಆರನೇ ಕ್ಲಾಸಿಗೆ ಬರಲ್ಲ,” ಅಂದ ಕೋಲ್ಬಿ.

ಲೇನಿ ಅವನ ಕಡೆ ತಿರುಗಿದಳು.

“ಓದೋದ್ರಲ್ಲಿ ಹಿಂದಿದೀನಂತೆ. ಮಿಸೆಸ್ ಪ್ರೂಯಿಟ್ ಅಮ್ಮನ್ನ ಸ್ಕೂಲಿಗೆ ಕರೆಸಿ ಹೇಳಿದ್ರು. ಇನ್ನೊಂದು ವರ್ಷ ಐದರಲ್ಲೇ ಇರ್ಬೇಕು.”

ಹಿಂದಿನ ಸೀಟು ನಮ್ದು! ಬೆಳಿಗ್ಗೆ ತಾನೇ ಆಡಿದ ಮಾತು ನೆನಪಾಗಿ ಲೇನಿಗೆ ನಾಚಿಕೆಯಾಯಿತು. ಇವತ್ತು ಮಾತ್ರವಲ್ಲ, ದಿನಾ ಅದನ್ನೇ ಆಡಿದ್ದಳು.

“ಏನಾದ್ರೂ ಹೇಳೇ,” ಅಂದ ಕೋಲ್ಬಿ. “ನೀನು ಸುಮ್ನಿದ್ರೆ ಭಯ ಆಗುತ್ತೆ.”

ಲೇನಿ ಯೋಚಿಸಿದಳು. ಆಮೇಲೆ ಕೇಳಿದಳು, “ಅತ್ತೆ, ಆರನೇ ಕ್ಲಾಸಿನವರು ಮುಂದಿನ ಸೀಟಲ್ಲಿ ಕೂತ್ರೆ ನೀನು ಬೈತೀಯಾ?”

“ಇದುವರೆಗೂ ಯಾರೂ ಕೂತಿಲ್ಲಪ್ಪ,” ಅಂದಳು ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆ. “ಕೂರೋರು ಬಾಯಿ ಮುಚ್ಕೊಂಡಿರ್ಬೇಕು. ಡ್ರೈವರ್ ಕಿವಿ ಅಲ್ಲೇ ಇರುತ್ತೆ.”

“ಇವಳ ಕೈಲಾ? ಆಗಲ್ಲ ಬಿಡಿ, ಮಿಸ್ ಡಾರ್ಲಾ,” ಅಂದ ಕೋಲ್ಬಿ. ಅವನ ತುಟಿಯ ಒಂದು ತುದಿ ಮೇಲೆ ಹೋಗಿತ್ತು.

“ಇವತ್ತು ಆಯ್ತಲ್ಲ!”

ಕೋಲ್ಬಿ ಕಾಲ ಬಳಿಯಿದ್ದ ಹುಂಜದ ಬಾಲದಿಂದ ಒಂದು ಉದ್ದನೆ ಗರಿ ಕಿತ್ತು ಲೇನಿಯ ಟೋಪಿಗೆ ಸಿಕ್ಕಿಸಿದ.

“ಆದ್ರೆ ಕಿಟಕಿ ನಂದು,” ಅಂದ.

ಲೇನಿ ಜಗಳ ಆಡಲಿಲ್ಲ.