ಗಾಳಿ ನುಂಗಿದ ಊಳು

"ಕಾಲು ಮುರ್ದಿದೆ. ದೊಡ್ಡ ಹಿಮಗುಡ್ಡದ ಆಚೆ ಇದೀನಿ." ಇಷ್ಟು ಹೇಳುವಷ್ಟರಲ್ಲಿ ಮಸೌನಾನ ವೈರ್‌ಲೆಸ್‌ನ ಬ್ಯಾಟರಿ ಸತ್ತಿತು. ಹೆಪ್ಪುಗಟ್ಟಿದ ಕಡಲ ಮೇಲೆ ಒಬ್ಬನೇ ಸೀಲ್ ಬೇಟೆಗೆ ಹೋಗಿದ್ದ ಪುಣ್ಯಾತ್ಮ ಅವನು! ಅವನನ್ನು ಜೀವಂತ ತರಲು ಹೆಂಡತಿ ತುಕುಮೆಕ್, ಅಣ್ಣ ಊಸಾಕ್ ಇಬ್ಬರೂ ಜಾರುಗಾಡಿಗೆ ನಾಯಿಗಳನ್ನು ಕಟ್ಟಿ ಹೊರಟರು.

ಹೊರಗೆ ಗಾಳಿಯೇ ಇರಲಿಲ್ಲ. ಕೊರೆಯುವ ಚಳಿ ನೆಲಕ್ಕಂಟಿಕೊಂಡು ಕದಲದೆ ಬಿದ್ದಿತ್ತು. ಊರಿನ ಹೊಗೆ ಮೇಲೇಳಲಾರದೆ ಸೂರಿನ ಮಟ್ಟದಲ್ಲೇ ಚಪ್ಪಟೆಯಾಗಿ ಹರಡಿತ್ತು. ಇಂಥ ದಿನ ಸದ್ದು ಎಷ್ಟೋ ದೂರ ಜಾರಿಕೊಂಡು ಬರುತ್ತದೆ. ಗುಡ್ಡ ದಾಟಿದ್ದೇ ತಡ, ಮಸೌನಾನ ನಾಯಿಗಳ ಊಳು ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿತು.

"ಇಲ್ಲೇ ಇದಾನೆ ಕಣೇ! ಟೆಂಟು, ಸ್ಟೌ ಎಲ್ಲ ಬಿಸಾಕು. ಬೇಗ ಹೋಗೋಣ," ಎಂದ ಊಸಾಕ್.

ಬಿಸಾಕಿದಳು. ತಿಳಿದೂ ತಿಳಿದೂ ಮಾಡಿದ ತಪ್ಪು. ಆದರೆ ಅಂಥ ಕೂಗು ಕೇಳಿದ ಮೇಲೆ ಯಾರ ಬುದ್ಧಿ ತಾನೇ ನೆಟ್ಟಗಿರುತ್ತದೆ? ಓಡಿದಷ್ಟೂ ಊಳು ದೂರವೇ ಉಳಿಯಿತು.

ಆಗ ಮುಖಕ್ಕೆ ಬೆಚ್ಚನೆಯ ಗಾಳಿ ತಾಕಿತು. ನಮ್ಮ ಕಡೆ ಚಳಿಗೆ ಯಾರೂ ಹೆದರುವುದಿಲ್ಲ, ಚಳಿಯ ನಡುವೆ ಬರುವ ಬಿಸುಪಿಗೆ ಹೆದರುತ್ತೇವೆ. ಮೇಲಿನ ಬೆಚ್ಚನೆಯ ಗಾಳಿ ಕೆಳಗಿಳಿದು ನೆಲದ ಚಳಿಯನ್ನು ಕಲಕತೊಡಗಿತ್ತು, ಬಿರುಗಾಳಿ ಬರುವ ಸೂಚನೆ.

ಬಿರುಗಾಳಿಯ ಹೊಡೆತ ಅಪ್ಪಳಿಸಿತು. ಗಾಡಿ ಮಗುಚಿತು. ಊಳು ನಿಂತೇಹೋಯಿತು.

"ಮುಗೀತು!" ಊಸಾಕ್ ಅರಚಿದ. "ನಾಯಿಗಳೂ ಸತ್ವು. ವಾಪಸ್ ನಡಿ!"

"ಸತ್ತಿಲ್ಲ ಭಾವ, ಗಾಳಿ ಸದ್ದನ್ನ ನುಂಗ್ತಿದೆ. ಬೋರಲು ಮಲ್ಕೊಳ್ಳಿ!"

ಹೊಡೆತ ಸರಿದು ಒಂದು ಗಳಿಗೆ ಎಲ್ಲ ಸ್ತಬ್ಧವಾಯಿತು. ಎಡಗಡೆಯಿಂದ ಊಳು!

"ಕೇಳ್ತಾ? ಓಡಿ!"

ಮಗುಚಿದ ಗಾಡಿಯನ್ನು ಎತ್ತಿ ನಿಲ್ಲಿಸಿ, ನಾಯಿಗಳ ಜೊತೆ ಓಡಿದರು. ಮತ್ತೆ ಹೊಡೆತ, ಮತ್ತೆ ಬೋರಲು. ಬಿಡುವು ಸಿಕ್ಕಾಗ ಓಟ. ಬರಬರುತ್ತ ಆ ಬಿಡುವೂ ಗಿಡ್ಡವಾಯಿತು. ಊಸಾಕ್‌ನ ಕೆನ್ನೆ ಬಿಳಿಚಿ ಮರಗಟ್ಟಿತು.

"ಅವನ ಆಸೆ ಬಿಡು ತಾಯಿ. ನಾವೂ ಸಾಯ್ತೀವಿ."

"ನೀವು ಹೋಗಿ. ನಾನು ಬರಲ್ಲ."

ಅವನು ಬೈಯುತ್ತಲೇ ಅವಳ ಹಿಂದೆ ಬಂದ.

ತುಕುಮೆಕ್‌ಳ ಕಾಲಿಗೆ ಮಂಜಿನ ದಿಣ್ಣೆಯೊಂದು ತಾಕಿತು. ದಿಣ್ಣೆ ಗುರುಗುಟ್ಟಿತು! ಇಬ್ಬರೂ ಕೈಯಲ್ಲೇ ಕೆದಕಿದರು. ಮುದುಡಿ ಮಲಗಿದ ನಾಯಿಗಳ ನಡುವೆ ಮಸೌನಾ ಇದ್ದ. ತುಟಿ ನೀಲಿಗಟ್ಟಿತ್ತು, ಉಸಿರಿತ್ತು.

ಹೊಡೆದಿದ್ದ ಸೀಲ್‌ಗಳನ್ನು ಅಲ್ಲೇ ಬಿಟ್ಟು, ಎರಡೂ ಗಾಡಿಯ ನಾಯಿಗಳನ್ನು ಒಂದಕ್ಕೇ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು, ಬಿದ್ದೂ ಎದ್ದೂ ಊರು ಮುಟ್ಟಿದರು.

ಬಿಸಿ ಸಾರು ಗಂಟಲಿಗಿಳಿದ ಮೇಲೆ ಮಸೌನಾನಿಗೆ ಮಾತು ಬಂತು. "ನಿಮ್ಮ ನಾಯಿಗಳ ಸದ್ದು ನಂಗೂ ಕೇಳ್ತಿತ್ತು. ಆಮೇಲೆ ನಿಂತೋಯ್ತು. ವಾಪಸ್ ಹೋದ್ರು ಅಂದ್ಕೊಂಡು ಕಣ್ಮುಚ್ಚಿದೆ."

ಊಸಾಕ್ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ವಾಪಸ್ಸಾ? ಚೆನ್ನಾಗಿದೆ!" ಎಂದಳು ತುಕುಮೆಕ್, ಭಾವನ ಬಟ್ಟಲಿಗೆ ಇನ್ನಷ್ಟು ಸಾರು ಸುರಿಯುತ್ತ. "ನಿಮ್ಮಣ್ಣ ಬಿಟ್ರೆ ತಾನೇ?"