ಹದಿನಾರು ಮೆಟ್ಟಿಲು

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಅವಳಿಗೆ ಗೊತ್ತಾಯಿತು. ಗಿಟಾರಿನ ಹೊಟ್ಟೆಯ ಮೇಲೆ, ತಂತಿಗಳ ಪಕ್ಕದಲ್ಲಿ, ಬೆರಳಗಲದ ಒಂದು ತೇಪೆ. ಸುತ್ತಲಿನ ಮರಕ್ಕಿಂತ ಚೂರು ತಿಳಿ ಬಣ್ಣ. ಅದನ್ನು ಹಾಕಿದವಳು ಅವಳೇ. ಮೂರು ಸಂಜೆ ಅದರ ಮೇಲೆ ಬಗ್ಗಿ ಕೂತಿದ್ದಳು. ನಾಲ್ಕನೆಯ ಸಂಜೆ ಗಿಟಾರಿನ ಯಜಮಾನ ಅವಳ ಕುತ್ತಿಗೆಗೆ ಮುತ್ತಿಟ್ಟಿದ್ದ.

ರಪ್ಪನೆ ಮುಚ್ಚಳ ಹಾಕಿದಳು.

"ಮೆಲ್ಲಗೆ ಪುಟ್ಟೀ!" ದೊಡ್ಡಮ್ಮ ಪಿಸುಗುಟ್ಟಿದಳು. "ಮಗು ಈಗಷ್ಟೇ ಮಲಗಿದೆ."

ಮಗು ಪಕ್ಕದ ಮನೆಯದು. ಆದರೆ ಈ ಹಿತ್ತಿಲಿನ ಕಾನೂನೆಲ್ಲ ಅದರದೇ. ದೊಡ್ಡಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಆಟ ಹೇಳಿಕೊಟ್ಟವಳು, ನಿವೃತ್ತಿಯಾದ ಮೇಲೂ ಕೊರಳಿನ ಸೀಟಿ ಇಳಿಸಿರಲಿಲ್ಲ. ತಿಂಗಳಿಗೊಂದು ಭಾನುವಾರ ತನ್ನ ಹಿತ್ತಿಲ ತೋಟಕ್ಕೆ ನಲವತ್ತು ಜನರನ್ನು ಕರೆದು ಹಾಡು ಕೇಳಿಸುತ್ತಿದ್ದಳು. ನಿಂಬೆ ಗಿಡದ ಕೆಳಗೆ ಇಟ್ಟಿಗೆಗಳ ಮೇಲೆ ಮಲಗಿಸಿದ ಎರಡು ಹಳೆಯ ಬಾಗಿಲುಗಳೇ ವೇದಿಕೆ. ಬಟ್ಟೆ ಒಣಹಾಕುವ ತಂತಿಯ ತುಂಬ ಪುಟ್ಟ ಬಲ್ಬುಗಳು. ಒಂದರಂತೆ ಇನ್ನೊಂದಿಲ್ಲದ ಕುರ್ಚಿಗಳು. ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ. ಹಾಡು ಇಷ್ಟವಾದರೆ ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಬೇಕು. ಯಾರಾದರೂ ಗದ್ದಲ ಮಾಡಿದರೆ ದೊಡ್ಡಮ್ಮ ಸೀಟಿಯನ್ನು ತುಟಿಗಿಟ್ಟುಕೊಳ್ಳುತ್ತಿದ್ದಳು. ಊದುತ್ತಿರಲಿಲ್ಲ. ಇಟ್ಟುಕೊಂಡರೆ ಸಾಕಾಗುತ್ತಿತ್ತು.

"ಇದು ಯಾರ ಗಿಟಾರ್ ಅಂತ ಯಾಕೆ ಹೇಳಲಿಲ್ಲ ನೀನು?"

"ಹಾಡೋನ ಗಿಟಾರ್. ತಿರುಪು ಸಡಿಲ ಆಗಿದೆಯಂತೆ, ತಂತಿ ನಿಲ್ತಿಲ್ಲ. ನಾಲ್ಕು ಗಂಟೆಗೆ ಶುರು. ನೀನು ರಿಪೇರಿಯವಳು ತಾನೇ? ಮಾಡು."

ಮಾಡಿದಳು. ಕೋಪ ಎಷ್ಟೇ ಇರಲಿ, ಗಿಟಾರ್ ಏನು ಪಾಪ ಮಾಡಿತ್ತು? ಆದರೆ ತಿರುಪಿನ ಸ್ಕ್ರೂ ನೋಡಿದಾಗ ಅವಳ ಹುಬ್ಬು ಗಂಟಾಯಿತು. ಸವೆದಿರಲಿಲ್ಲ. ತಲೆಯ ಮೇಲೆ ಹೊಸದಾಗಿ ಗೀಚಿದ ಗುರುತು. ತಾನಾಗಿ ಸಡಿಲವಾದದ್ದಲ್ಲ, ಯಾರೋ ಬೇಕೆಂದೇ ಬಿಚ್ಚಿದ್ದು. ಅದೂ ಕೆಲಸ ಬಾರದ ಕೈ.

"ಅಂಟೂ," ಎಂದಿತು ಹಿಂದಿನಿಂದ ಒಂದು ಸ್ವರ.

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಒಬ್ಬನೇ. ಅವಳ ಬೆರಳುಗಳಲ್ಲಿ ಯಾವಾಗಲೂ ಅಂಟು ಒಣಗಿರುತ್ತಿತ್ತು, ಅದಕ್ಕೆ.

ತಿರುಗಿ ನೋಡಿದಳು. ಎಂಟು ತಿಂಗಳಲ್ಲಿ ಹಾಡುಗಾರ ಸಣ್ಣಗಾಗಿದ್ದ, ಗಡ್ಡ ಬಿಟ್ಟಿದ್ದ. ಗಡ್ಡ ಅವನಿಗೆ ಒಪ್ಪಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ತಗೋ," ಎಂದು ಗಿಟಾರನ್ನು ಅವನ ಎದೆಗೆ ದೂಡಿ ಹೊರಟಳು. ಆದರೆ ಹಿತ್ತಿಲಿಗೆ ಇದ್ದದ್ದು ಒಂದೇ ಗೇಟು, ಅದೂ ವೇದಿಕೆಯ ಹಿಂದೆ. ದೊಡ್ಡಮ್ಮ ಅಲ್ಲಿ ಸೀಟಿ ಹಿಡಿದು ನಿಂತಾಗಿತ್ತು. ಜನರೆಲ್ಲ ಕೂತಾಗಿತ್ತು. ಪುಟ್ಟಿ ಕೊನೆಯ ಸಾಲಿನ ಅಲುಗಾಡುವ ಕುರ್ಚಿಯಲ್ಲಿ, ಟೂಲ್ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಹಲ್ಲು ಕಚ್ಚಿ ಕೂತಳು.

ಮೊದಲ ನಾಲ್ಕು ಹಾಡು ಹೇಗೋ ಸಹಿಸಿಕೊಂಡಳು.

"ಕೊನೇದು ಹೊಸದು," ಎಂದ ಅವನು. "ನಾಳೆ ರೆಕಾರ್ಡಿಂಗ್ ಇದೆ. ಇವತ್ತು ನೀವೇ ಮೊದಲು ಕೇಳೋರು."

*ಬರ್ತೀನಿ ಅಂದಳು, ಇಳಿದೇ ಹೋದಳು,*
*ಹದಿನಾಲ್ಕು ಮೆಟ್ಟಿಲು, ತಿರುಗಿ ನೋಡದೆ...*

ಅವಳ ಕಿವಿಯ ತುದಿ ಸುಡತೊಡಗಿತು. ಆ ಮೆಟ್ಟಿಲು ಅವನ ಬಾಡಿಗೆ ಕೋಣೆಯದು. ಇಳಿದವಳು ಅವಳು. ತೋಟದ ತುಂಬ ಜನ ಉಸಿರು ಬಿಗಿಹಿಡಿದಿದ್ದರು. ನಿಂಬೆ ಎಲೆಗಳ ನಡುವಿನಿಂದ ಇಳಿಬಿಸಿಲು ಅವನ ಬೆರಳುಗಳ ಮೇಲೆ ಬಿದ್ದು, ಅವಳು ಹಾಕಿದ ತೇಪೆಯ ಮೇಲೆ ಆಡುತ್ತಿತ್ತು. ಚೆಂದವಾಗಿತ್ತು. ಅಷ್ಟು ಚೆಂದವಾದ ಸುಳ್ಳನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ.

ಪಕ್ಕದ ಕುರ್ಚಿಯ ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಪಾಪ ಹುಡುಗ. ಎಂಥ ಕಲ್ಲೋ ಅವಳು!"

"ಹದಿನಾಲ್ಕಲ್ಲ, ಹದಿನಾರು," ಎಂದಳು ಪುಟ್ಟಿ.

"ಏನಮ್ಮಾ?"

"ಮೆಟ್ಟಿಲು. ಹದಿನಾರು. ಲೆಕ್ಕ ಬರಲ್ಲ ಅವನಿಗೆ."

ನಲವತ್ತು ಜನರ ಎಂಬತ್ತು ಕೈಗಳು ಮೇಲೆದ್ದು ಬೆರಳು ಅಲ್ಲಾಡಿಸಿದವು. ಇಲ್ಲ, ಎಪ್ಪತ್ತೆಂಟು. ಗಿಟಾರ್ ಇಳಿಸಿಟ್ಟವನು ಆ ಎತ್ತದ ಎರಡು ಕೈಗಳನ್ನೇ ನೋಡುತ್ತಿದ್ದ.

ಜನ ಕುರ್ಚಿ ಮಡಚುವಾಗ ನೀರಿನ ತೊಟ್ಟಿಯ ಹಿಂದೆ ಅವನನ್ನು ಹಿಡಿದು ನಿಲ್ಲಿಸಿದಳು. ಪಿಸುದನಿಯಲ್ಲಿ ಜಗಳವಾಡುವುದು ಎಂಥ ಹಿಂಸೆ ಎಂದು ಅವತ್ತು ಗೊತ್ತಾಯಿತು. ಬೈಗುಳವೂ ಗುಟ್ಟು ಹೇಳಿದ ಹಾಗೆ ಕೇಳಿಸುತ್ತಿತ್ತು. ಹತ್ತಿರ ಬಾರದೆ ಬೈಯುವ ಹಾಗೂ ಇಲ್ಲ.

"ಏನೋ ಅದು ಹಾಡು? ನಾನು ಬಿಟ್ಟು ಹೋದೆನಾ?"

"ಮತ್ತೆ ಯಾರು ಹೋಗಿದ್ದು? ಶನಿವಾರ ಬೆಳಿಗ್ಗೆ ಆರಕ್ಕೆ ವ್ಯಾನ್ ಹೊರಡುತ್ತೆ, ಇನ್ನು ಈ ಊರಿಗೆ ಯಾವಾಗ ಬರ್ತೀನೋ ಗೊತ್ತಿಲ್ಲ ಅಂದೆ. ನೀನೂ... ಅಂತ ಬಾಯಿ ತೆಗೆದೆ. ನೀನು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ‘ಬರ್ತೀನಿ’ ಅಂದು ಮೆಟ್ಟಿಲು ಇಳಿದೆ. ಅಂಗಡಿಗೆ ಹೊರಟೋಳ ಹಾಗೆ!"

"ಹೌದು, ಬರ್ತೀನಿ ಅಂದೆ!"

"ಅದನ್ನೇ ಹೇಳ್ತಿರೋದು ನಾನೂ!"

"ಅಯ್ಯೋ ದಡ್ಡ!" ಅವಳ ಪಿಸುದನಿ ಒಡೆಯಿತು. "ಬರ್ತೀನಿ ಅಂದ್ರೆ ಬರ್ತೀನಿ ಅಂತ! ನಿನ್ನ ಜೊತೆ! ಆ ವ್ಯಾನಲ್ಲಿ!"

ಅವನು ತೊಟ್ಟಿಯ ಅಂಚಿಗೆ ಒರಗಿದ.

"ಅಂಗಡಿಯಲ್ಲಿ ಒಂದು ಪಿಟೀಲಿಗೆ ಅಂಟು ಹಾಕಿ ಬಂದಿದ್ದೆ, ಅದು ಒಣಗೋವರೆಗೆ ಬಿಗಿದಿಟ್ಟ ಕ್ಲಾಂಪ್ ಬಿಚ್ಚೋ ಹೊತ್ತಾಗಿತ್ತು, ಓಡಿದೆ. ಶನಿವಾರ ಐದೂಮುಕ್ಕಾಲಿಗೆ ಸೂಟ್‌ಕೇಸ್ ಹಿಡ್ಕೊಂಡು ಅಂಗಡಿ ಮುಂದೆ ನಿಂತಿದ್ದೆ. ಆರಾಯ್ತು. ಏಳಾಯ್ತು. ಎಂಟಕ್ಕೆ ಎದುರುಗಡೆ ಹೂವಿನ ಅಂಗಡಿಯವಳು ಬಂದು, ಎಲ್ಲಿಗೆ ಪ್ರಯಾಣ ಅಂತ ಕೇಳಿದಳು. ಎಲ್ಲಿಗೂ ಇಲ್ಲ, ಸೂಟ್‌ಕೇಸ್ ಬಿಸಿಲಿಗಿಟ್ಟಿದೀನಿ ಅಂದೆ."

"ನಾನು... ಹೋಗಿ ಬರ್ತೀನಿ ಅಂತ ಹೇಳೋ ಬರ್ತೀನಿ ಅಂದ್ಕೊಂಡೆ."

"ಅಂದ್ಕೊಂಡೆ! ಕೇಳೋಕೆ ಏನಾಗಿತ್ತು? ಒಂದು ಫೋನ್ ಮಾಡೋಕೆ ಆಗಲಿಲ್ಲ, ನಾಲ್ಕು ಚರಣ ಹಾಡು ಕಟ್ಟೋಕೆ ಆಯ್ತಾ?"

"ನೀನ್ಯಾಕೆ ಫೋನ್ ಮಾಡಲಿಲ್ಲ?"

"ಬಿಟ್ಟು ಹೋದೋನಿಗೆ ನಾನ್ಯಾಕೆ ಮಾಡಲಿ?"

"ಬಿಟ್ಟು ಹೋದೋಳಿಗೆ ನಾನು ಹೇಗೆ ಮಾಡಲಿ?"

ಇಬ್ಬರ ಉಸಿರೂ ಏರಿತ್ತು. ಮೂಗಿಗೂ ಮೂಗಿಗೂ ಒಂದು ಗೇಣು. ಅವನ ಕಣ್ಣು ಅವಳ ಬೆರಳಿನ ಒಣಗಿದ ಅಂಟಿನ ಮೇಲೆ ಹೋಗಿ, ಮುಖಕ್ಕೆ ಬಂದು, ಮತ್ತೆ ಬೆರಳಿಗೆ ಹೋಯಿತು. ಆ ನೋಟ ಅವಳಿಗೆ ಗೊತ್ತಿತ್ತು. ಮೊದಲಾಗಿದ್ದರೆ ಅಲ್ಲಿಗೇ ಕರಗಿ ಹೋಗುತ್ತಿದ್ದಳು. ಇವತ್ತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಆ ಸ್ಕ್ರೂ ನೀನೇ ಬಿಚ್ಚಿದೆ, ಅಲ್ವಾ?"

ಅವನು ತಲೆ ತಗ್ಗಿಸಿದ. "ಇದು ನಿನ್ನ ದೊಡ್ಡಮ್ಮನ ತೋಟ ಅಂತ ಗೊತ್ತಿತ್ತು. ಗಿಟಾರ್ ಕೆಟ್ಟರೆ ನಿನ್ನನ್ನ ಬಿಟ್ಟು ಯಾರನ್ನೂ ಕರೆಯಲ್ಲ ಅಂತಾನೂ."

"ಚಾಕುವಿನಲ್ಲಿ ಬಿಚ್ಚಿದೀಯ. ತಲೆ ಹಾಳಾಗಿದೆ."

"ಯಾರದು?"

ನಗು ಬಂತು. ಕೆನ್ನೆಯ ಒಳಗನ್ನು ಕಚ್ಚಿ ಅದನ್ನು ನುಂಗಿದಳು. ಎಂಟು ತಿಂಗಳ ಕೋಪ ಒಂದು ಜೋಕಿಗೆ ಮಾರಿಹೋಗುವಷ್ಟು ಅಗ್ಗವಾಗಿರಲಿಲ್ಲ.

ಗೇಟಿನಾಚೆ ವ್ಯಾನಿನ ಬಾಗಿಲು ಎಳೆದ ಸದ್ದು. ಅವನ ತಂಡದ ಡ್ರಮ್ಮಿನವನು ಕತ್ತು ಚಾಚಿ, "ಗುರೂ, ಹೊರಡೋಣ್ವಾ? ಬೆಳಿಗ್ಗೆ ಸ್ಟುಡಿಯೋ ಇದೆ," ಎಂದ.

"ನಾಳೆ ಆ ಹಾಡು ಹಾಡಲ್ಲ," ಎಂದ ಅವನು ಅವಳಿಗೆ. "ಸುಳ್ಳು ಅಂತ ಗೊತ್ತಾದ ಮೇಲೆ ಹೇಗೆ ಹಾಡಲಿ?"

"ಹಾಡು, ಬಿಡಬೇಡ. ಅಜ್ಜಿ ಅತ್ತಳು. ಆದರೆ ಯಾರು ಯಾರನ್ನ ಕಾಯಿಸಿದ್ರು ಅನ್ನೋದು ಸರಿ ಮಾಡು. ಮೆಟ್ಟಿಲೂ ಸರಿ ಮಾಡು."

ಟೂಲ್ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. ವೇದಿಕೆ ದಾಟಿದಳು. ದೊಡ್ಡಮ್ಮನನ್ನು ದಾಟಿದಳು. ಗೇಟಿನ ಚಿಲಕಕ್ಕೆ ಕೈ ಹಾಕಿ, ತಿರುಗದೆಯೇ ಹೇಳಿದಳು:

"ಬರ್ತೀನಿ."

ಹೊರಗೆ ಕಾಲಿಟ್ಟಳು. ವ್ಯಾನನ್ನೂ ದಾಟಿ, ತನ್ನ ಅಂಗಡಿಯಿರುವ ರಸ್ತೆಯತ್ತ ನಡೆದಳು. ಹೆಜ್ಜೆ ಎಣಿಸುತ್ತಿದ್ದಳು. ಎಣಿಸುತ್ತಿದ್ದೇನೆಂದು ಗೊತ್ತಾಗಿ ಅದಕ್ಕೂ ಸಿಟ್ಟು ಬಂತು. ಹತ್ತು. ಹನ್ನೊಂದು. ಕೇಳೋ. ಹದಿಮೂರು. ಈ ಸಲವೂ ಕೇಳದಿದ್ದರೆ ಇನ್ನು ಇವನ ಹಾಡು ಬಂದ ಕಡೆಗೆ ತಲೆ ಹಾಕಿ ಮಲಗುವುದಿಲ್ಲ. ಹದಿನಾಲ್ಕು. ಹದಿನೈದು.

"ಯಾವ ಬರ್ತೀನಿ?"

ಅದು ಪಿಸುದನಿಯಲ್ಲ. ಗಂಟಲು ಹರಿಯುವ ಕೂಗು. ಅವನು ಗೇಟಿನಲ್ಲಿ ಗಿಟಾರನ್ನು ಕುತ್ತಿಗೆ ಹಿಡಿದು ನಿಂತಿದ್ದ. ಮಡಚಿದ ಕುರ್ಚಿ ಹಿಡಿದ ನಲವತ್ತು ಜನ ಅವನ ಹಿಂದೆ ನಿಂತುಬಿಟ್ಟಿದ್ದರು. "ಅಂಟೂ! ಇದು ಯಾವ ಬರ್ತೀನಿ? ಬಾಯಿಬಿಟ್ಟು ಹೇಳು!"

ಪಕ್ಕದ ಮನೆಯ ಮಗು ಕಿಟಾರನೆ ಕಿರುಚಿತು. ಹಿತ್ತಿಲಿನಲ್ಲಿ ಮೊತ್ತಮೊದಲ ಬಾರಿಗೆ, ಇಡೀ ಬೀದಿಗೆ ಕೇಳುವಂತೆ, ದೊಡ್ಡಮ್ಮನ ಸೀಟಿ ಕೂಗಿತು.

ಅವಳು ತಿರುಗಿದಳು. ಕಣ್ಣು ತುಂಬಿತ್ತು, ಆದರೂ ಮುಖ ಸಿಡುಕಿಕೊಂಡೇ ಇತ್ತು.

"ಸೂಟ್‌ಕೇಸ್ ತುಂಬಿಸ್ಕೊಂಡು ಬರ್ತೀನಿ!" ಎಂದು ಅಷ್ಟೇ ಜೋರಾಗಿ ಕೂಗಿದಳು. "ಅಂಗಡಿ ಮುಂದೆ ವ್ಯಾನ್ ತಂದು ನಿಲ್ಲಿಸು! ಒಂದು ನಿಮಿಷ ತಡವಾದ್ರೆ ಇದೇ ಸ್ಕ್ರೂಡ್ರೈವರಲ್ಲಿ ನಿನ್ನನ್ನ ಬಿಚ್ತೀನಿ!"